ಕೊನೆಗೆ ಕರೆಯುವವರನ್ನು ಮೊದಲೇ ಕೂರಿಸಿ: ಸಂಶೋಧನೆಗೆ ಹಣ ಕೊಡುವವರಿಗೊಂದು ಬಹಿರಂಗ ಪತ್ರ

ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಅನುದಾನ ಮಂಡಳಿಗಳ ಅಧ್ಯಕ್ಷರಿಗೆ ಮತ್ತು ಮೌಲ್ಯಮಾಪನ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ಬೆಳೆ ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗ್ರಾಹಕ ಅಧ್ಯಯನ ಮೂರೂ ಸೇರಿ ಮಾಡಬೇಕಾದ ಸಂಶೋಧನೆಯನ್ನು ನೀವು ಒಂದರ ಹಿಂದೆ ಒಂದರಂತೆ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಮೊದಲು ತಳಿವಿಜ್ಞಾನಿ ಹತ್ತು ವರ್ಷ ದುಡಿದು ಒಂದು ತಳಿ ತರುತ್ತಾರೆ. ಅದು ಕೈಗೆ ಬಂದ ಮೇಲೆ ಅದನ್ನು ಕೊಯ್ಯುವ, ತೊಳೆಯುವ, ತಣ್ಣಗಿಡುವ, ಸಾಗಿಸುವ ಬಗೆಯನ್ನು ಎಂಜಿನಿಯರ್ ಹುಡುಕುತ್ತಾರೆ. ಅದೂ ಮುಗಿದು, ಹಣವೂ ಬಹುಪಾಲು ಖರ್ಚಾದ ಮೇಲೆ ಗ್ರಾಹಕ ಅಧ್ಯಯನದವರಿಗೆ ಕರೆ ಹೋಗುತ್ತದೆ: ಜನ ಇದನ್ನು ಕೊಳ್ಳುತ್ತಾರೋ ಇಲ್ಲವೋ, ಒಂದು ಸಮೀಕ್ಷೆ ಮಾಡಿಕೊಡಿ. ಜನ ಬೇಡ ಎಂದರೂ ಆ ಹೊತ್ತಿಗೆ ಬದಲಾಯಿಸಲು ಏನೂ ಉಳಿದಿರುವುದಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗುತ್ತದೆ.

ಈ ಕ್ರಮ ಬದಲಾಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ಮೂರೂ ಕಡೆಯವರು ಮೊದಲ ದಿನವೇ ಒಂದೇ ಮೇಜಿನ ಸುತ್ತ ಕೂತು ಪ್ರಶ್ನೆಯನ್ನು ಕಟ್ಟಬೇಕು. ಹಾಗೆ ಕಟ್ಟಿದ ಪ್ರಶ್ನೆಗೆ ಹಣ ಸಿಗುವಂತೆ, ಹಾಗೆ ದುಡಿದವರಿಗೆ ಪದವಿಯೂ ಬಡ್ತಿಯೂ ಸಿಗುವಂತೆ ನಿಮ್ಮ ನಿಯಮಗಳು ಇರಬೇಕು. ನಾನು ಕೊಯ್ಲೋತ್ತರ ವಿಜ್ಞಾನದಲ್ಲಿ, ಅಂದರೆ ಕೊಯ್ದ ಮೇಲೆ ಬೆಳೆಯನ್ನು ಕೆಡದಂತೆ ಕಾಯುವ ಶಾಸ್ತ್ರದಲ್ಲಿ, ಕೆಲಸ ಮಾಡುವವನು. ಈ ಮೂರು ವಿಭಾಗಗಳ ನಡುವಿನ ಓಣಿಯಲ್ಲೇ ನನ್ನ ವೃತ್ತಿಜೀವನ ಸಾಗಿದೆ. ಹಾಗಾಗಿ ಹೇಳುವುದನ್ನು ನನಗೆ ಹತ್ತಿರದಿಂದ ಗೊತ್ತಿರುವ ಒಂದು ಹಣ್ಣಿನಿಂದಲೇ ಶುರುಮಾಡುತ್ತೇನೆ.

ಟೊಮೆಟೊ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ 1950ರ ದಶಕದಲ್ಲಿ ತಳಿವಿಜ್ಞಾನಿ ಜ್ಯಾಕ್ ಹ್ಯಾನಾ ಮತ್ತು ಕೃಷಿ ಎಂಜಿನಿಯರ್ ಕೋಬಿ ಲೊರೆನ್ಜೆನ್ ಒಂದು ಕೆಲಸಕ್ಕೆ ಕೈಹಾಕಿದರು. ಟೊಮೆಟೊವನ್ನು ಯಂತ್ರದಿಂದ ಕೊಯ್ಯಬೇಕು. ಇದು ಆಗದ ಮಾತು ಎಂದವರೇ ಹೆಚ್ಚು. ಏಕೆಂದರೆ ಆಗಿದ್ದ ಟೊಮೆಟೊ ಗಿಡದಲ್ಲಿ ಹಣ್ಣು ಒಂದೊಂದಾಗಿ, ವಾರಗಟ್ಟಲೆ ಮಾಗುತ್ತಿತ್ತು. ಸಿಪ್ಪೆ ತೆಳು, ತುಸು ಒತ್ತಿದರೂ ಒಡೆಯುತ್ತಿತ್ತು. ಯಂತ್ರವಾದರೋ ಗಿಡವನ್ನು ಬುಡದಲ್ಲೇ ಕತ್ತರಿಸಿ, ಮೇಲೆತ್ತಿ, ಅಲುಗಾಡಿಸಿ ಹಣ್ಣನ್ನು ಉದುರಿಸುವಂಥದ್ದು. ಒಂದು ಗಿಡಕ್ಕೆ ಅದರ ಪಾಲಿಗೆ ಒಂದೇ ಅವಕಾಶ. ಹಾಗಾಗಿ ಹ್ಯಾನಾ ಯಂತ್ರಕ್ಕೆ ತಕ್ಕ ಗಿಡವನ್ನು ಬೆಳೆಸುತ್ತಾ ಹೋದರು, ಲೊರೆನ್ಜೆನ್ ಗಿಡಕ್ಕೆ ತಕ್ಕ ಯಂತ್ರವನ್ನು ತಿದ್ದುತ್ತಾ ಹೋದರು. ಎಲ್ಲ ಹಣ್ಣೂ ಹೆಚ್ಚೂಕಡಿಮೆ ಒಟ್ಟಿಗೆ ಮಾಗುವ, ತೊಟ್ಟಿನಿಂದ ಸಲೀಸಾಗಿ ಕಳಚುವ, ಬಿದ್ದರೆ ಒಡೆಯದ ತಳಿಗಳು ಬಂದವು. ವಿಎಫ್-145 ಅವುಗಳಲ್ಲಿ ಹೆಸರಾದದ್ದು. ಸಾಸ್, ಪೇಸ್ಟ್‌ಗೆ ಹೋಗುವ ಟೊಮೆಟೊ ಕೊಯ್ಲು 1960ರ ದಶಕ ಮುಗಿಯುವ ಹೊತ್ತಿಗೆ ಆ ರಾಜ್ಯದಲ್ಲಿ ಬಹುತೇಕ ಯಂತ್ರದ ಪಾಲಾಗಿತ್ತು.

ಎರಡು ವಿಭಾಗಗಳು ಮೊದಲಿನಿಂದಲೇ ಜೊತೆಗೂಡಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಒಬ್ಬರಿಂದಲೇ ಆಗದ ಕೆಲಸ ಇಬ್ಬರಿಂದ ಆಯಿತು. ಆದರೆ ಆ ಮೇಜಿನ ಸುತ್ತ ಯಾರಿರಲಿಲ್ಲ ಎಂಬುದನ್ನೂ ನೋಡಬೇಕು. ಹಣ್ಣು ಕೀಳುತ್ತಿದ್ದ ಕೂಲಿಕಾರ ಇರಲಿಲ್ಲ. ಅಷ್ಟು ದುಬಾರಿ ಯಂತ್ರ ಕೊಳ್ಳಲಾಗದ ಸಣ್ಣ ಬೆಳೆಗಾರ ಇರಲಿಲ್ಲ. ತಿನ್ನುವವನೂ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಟೊಮೆಟೊ ಬೆಳೆಗಾರರ ಸಂಖ್ಯೆ 1973ರ ಹೊತ್ತಿಗೆ ಸುಮಾರು 600ಕ್ಕೆ ಇಳಿಯಿತು. ಸಾವಿರಾರು ಜನರ ಕೂಲಿ ಹೋಯಿತು. ಸಾರ್ವಜನಿಕರ ಹಣದಲ್ಲಿ ನಡೆದ ಸಂಶೋಧನೆಯಿಂದ ದೊಡ್ಡವರಿಗಷ್ಟೇ ಲಾಭವಾಯಿತು ಎಂದು 1979ರಲ್ಲಿ ಆ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆಯೂ ಹೂಡಲಾಯಿತು. ಯಂತ್ರವೇ ಬರಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಬೆನ್ನು ಬಗ್ಗಿಸಿ ದಿನವಿಡೀ ಹಣ್ಣು ಕೀಳುವ ಕೆಲಸವನ್ನು ಯಂತ್ರಕ್ಕೆ ಬಿಡುವುದರಲ್ಲಿ ತಪ್ಪಿಲ್ಲ. ಆದರೆ ಸಂಶೋಧನೆಯ ಪ್ರಶ್ನೆ ಕಟ್ಟುವಾಗ ಯಾರು ಕೂತಿರುತ್ತಾರೋ ಅವರ ಕಷ್ಟಕ್ಕೆ ಮಾತ್ರ ಉತ್ತರ ಸಿಗುತ್ತದೆ. ಈ ಮಾತನ್ನು ಮುಂದೆ ಇನ್ನೊಮ್ಮೆ ಎತ್ತುತ್ತೇನೆ.

ಅದು ಕಾರ್ಖಾನೆಗೆ ಹೋಗುವ ಟೊಮೆಟೊ. ಹಸಿಯಾಗಿ ತಿನ್ನುವ ಟೊಮೆಟೊದ ಕಥೆ ಇನ್ನೂ ಸೂಕ್ಷ್ಮವಾದದ್ದು. ಹಳೆಯ ತಳಿಗಳಲ್ಲಿ ಕಾಯಿಯ ತೊಟ್ಟಿನ ಸುತ್ತ ಕಡುಹಸಿರು ಬಣ್ಣವಿರುತ್ತಿತ್ತು. ಉಳಿದ ಭಾಗ ಕೆಂಪಾದರೂ ಹೆಗಲ ಮೇಲೆ ಹಸಿರು ಉಳಿಯುವುದುಂಟು. ಹೀಗಾಗಿ ಕಾಯಿ ಬಲಿತಿದೆಯೋ ಇಲ್ಲವೋ ಹೇಳುವುದು ಕಷ್ಟವಾಗುತ್ತಿತ್ತು. ಇಡೀ ಕಾಯಿ ಒಂದೇ ತಿಳಿಹಸಿರಿನಲ್ಲಿದ್ದು ಒಂದೇ ಸಮನೆ ಕೆಂಪಾಗುವ ಗಿಡಗಳು ಸಿಕ್ಕಾಗ ತಳಿಗಾರರು ಅವನ್ನೇ ಆರಿಸಿಕೊಂಡರು. ಕೊಯ್ಯುವವರಿಗೂ ಅನುಕೂಲ, ನೋಟಕ್ಕೂ ಚೆಂದ. ದಶಕಗಳ ಕಾಲ ಈ ಗುಣವನ್ನು ತಳಿಯಿಂದ ತಳಿಗೆ ದಾಟಿಸಲಾಯಿತು. 2012ರಲ್ಲಿ ಡೇವಿಸ್‌ನ ಆನ್ ಪೊವೆಲ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಅದರ ಒಳಗುಟ್ಟನ್ನು ಬಿಡಿಸಿಟ್ಟರು. ಕಾಯಿಯಲ್ಲಿ ಹರಿತ್ತು ತುಂಬಿಕೊಳ್ಳಲು ಬೇಕಾದ ಜಿಎಲ್‌ಕೆ2 ಎಂಬ ಜೀನ್ ಈ ತಳಿಗಳಲ್ಲಿ ಕೆಟ್ಟಿರುತ್ತದೆ. ಆ ಕಡುಹಸಿರು ಬರೀ ಬಣ್ಣವಾಗಿರಲಿಲ್ಲ, ಕಾಯಿ ತನಗೆ ಬೇಕಾದ ಸಕ್ಕರೆಯ ಒಂದು ಪಾಲನ್ನು ತಾನೇ ತಯಾರಿಸಿಕೊಳ್ಳುವ ಜಾಗವಾಗಿತ್ತು. ಒಂದೇ ಬಣ್ಣವನ್ನು ಆರಿಸಿದವರು ತಿಳಿಯದೆಯೇ ಸಿಹಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತಾ ಬಂದಿದ್ದರು.

ಇನ್ನು ಶೈತ್ಯಾಗಾರ. ಹಣ್ಣನ್ನು ತಣ್ಣಗಿಟ್ಟಷ್ಟೂ ಉಸಿರಾಟ ನಿಧಾನ, ಕೊಳೆಯುವಿಕೆ ನಿಧಾನ. ಎಂಜಿನಿಯರ್ ಲೆಕ್ಕದಲ್ಲಿ 5 ಡಿಗ್ರಿ ಸೆಲ್ಸಿಯಸ್ ಬಹಳ ಒಳ್ಳೆಯ ಸಂಖ್ಯೆ. ಆದರೆ ಟೊಮೆಟೊ ಬಿಸಿಲುನಾಡಿನ ಗಿಡ. ಸುಮಾರು 12 ಡಿಗ್ರಿಗಿಂತ ಕೆಳಗೆ ಇಳಿದರೆ ಅದಕ್ಕೆ ಏಟು ಬೀಳುತ್ತದೆ. 5 ಡಿಗ್ರಿಯಲ್ಲಿ ವಾರದಷ್ಟು ಇಟ್ಟ ಹಣ್ಣಿನಲ್ಲಿ ಸಕ್ಕರೆ, ಹುಳಿ ಹೆಚ್ಚೇನೂ ಬದಲಾಗದಿದ್ದರೂ ಸುವಾಸನೆ ಕೊಡುವ ಸಂಯುಕ್ತಗಳು ಕುಸಿಯುತ್ತವೆ ಎಂದು 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಸಹೋದ್ಯೋಗಿಗಳು ತೋರಿಸಿದರು. ಚಳಿಗೆ ಆ ಸಂಯುಕ್ತಗಳ ತಯಾರಿಕೆಗೆ ಬೇಕಾದ ಜೀನ್‌ಗಳ ಮೇಲೆ ರಾಸಾಯನಿಕ ಗುರುತುಗಳು ಬಿದ್ದು ಅವು ಮೌನವಾಗುತ್ತವೆ. ಹೊರಗೆ ತೆಗೆದಿಟ್ಟರೂ ಸುವಾಸನೆ ಪೂರ್ತಿ ಮರಳುವುದಿಲ್ಲ.

ಇಲ್ಲಿ ತಪ್ಪು ಯಾರದು? ಯಾರದೂ ಅಲ್ಲ. ತಳಿಗಾರರ ಅಳತೆ ಇಳುವರಿ, ರೋಗನಿರೋಧಕ ಗುಣ, ಒಂದೇ ಸಮನೆ ಮಾಗುವುದು. ಎಂಜಿನಿಯರ್ ಅಳತೆ ಎಷ್ಟು ದಿನ ಕೆಡದೆ ಉಳಿಯಿತು, ಎಷ್ಟು ಹಣ್ಣು ಒಡೆಯಿತು. ಇಬ್ಬರೂ ತಂತಮ್ಮ ಅಳತೆಯಲ್ಲಿ ಗೆದ್ದರು, ಇಬ್ಬರಿಗೂ ಪ್ರಬಂಧ ಪ್ರಕಟವಾಯಿತು, ಬಡ್ತಿಯೂ ಸಿಕ್ಕಿತು. ಹಣ್ಣು ಮಾತ್ರ ಸಪ್ಪೆಯಾಯಿತು. ರುಚಿ ಯಾರ ಅಳತೆಪಟ್ಟಿಯಲ್ಲೂ ಇರಲಿಲ್ಲ.

ರುಚಿಯನ್ನು ಅಳೆಯಲಾಗದು ಎಂದು ಈಗಲೂ ಹೇಳುವವರಿದ್ದಾರೆ. ಅವರು ಒಮ್ಮೆ ರುಚಿ ಪರೀಕ್ಷೆಯ ಕೋಣೆಗೆ ಬಂದು ನೋಡಬೇಕು. ಒಬ್ಬೊಬ್ಬರೇ ಕೂರುವ ಸಣ್ಣ ಗೂಡುಗಳು. ಹಣ್ಣಿನ ಬಣ್ಣ ಕಣ್ಣಿಗೆ ಕಾಣದಿರಲೆಂದು ಕೆಂಪು ದೀಪ. ಕಿಂಡಿಯಿಂದ ಒಳಗೆ ಬರುವ ತಟ್ಟೆಯ ಮೇಲೆ ಮೂರಂಕಿಯ ಸಂಕೇತ ಮಾತ್ರ, ಹೆಸರಿಲ್ಲ. ಯಾವ ಹೋಳು ಮೊದಲು, ಯಾವುದು ಆಮೇಲೆ ಎಂಬುದು ಪ್ರತಿಯೊಬ್ಬರಿಗೂ ಬೇರೆ. ಒಂದೊಂದು ಹೋಳಿನ ನಡುವೆ ಒಂದು ಗುಟುಕು ನೀರು. 'ಅತಿ ಇಷ್ಟ'ದಿಂದ 'ಸ್ವಲ್ಪವೂ ಇಷ್ಟವಿಲ್ಲ'ದವರೆಗೆ ಒಂಬತ್ತು ಮೆಟ್ಟಿಲುಗಳ ಅಳತೆಗೋಲಿನಲ್ಲಿ ಗುರುತು ಹಾಕಬೇಕು. ಆಚೆ ಬದಿಯ ಪ್ರಯೋಗಾಲಯದಲ್ಲಿ ಅದೇ ಗಿಡದ ಇನ್ನೊಂದು ಹಣ್ಣಿನ ಮೇಲೆ ಉಕ್ಕಿನ ಸಣ್ಣ ಕಡ್ಡಿಯೊಂದು ನಿಧಾನವಾಗಿ ಇಳಿಯುತ್ತಿರುತ್ತದೆ. ಸಿಪ್ಪೆ ಬಿರಿಯಲು ಎಷ್ಟು ಬಲ ಬೇಕಾಯಿತು ಎಂದು ಯಂತ್ರ ನ್ಯೂಟನ್ ಲೆಕ್ಕದಲ್ಲಿ ಗೀಟು ಎಳೆಯುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ರಸದ ಒಂದು ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿರುವ ಸಕ್ಕರೆಯ ಅಂದಾಜು, ಓದುತ್ತಾರೆ.

ಎರಡು ಹಣ್ಣುಗಳ ಬ್ರಿಕ್ಸ್ ಒಂದೇ ಇದ್ದರೂ ಗೂಡಿನಲ್ಲಿ ಕೂತವರು ಒಂದನ್ನು ಸಿಹಿ ಎಂದೂ ಇನ್ನೊಂದನ್ನು ಸಪ್ಪೆ ಎಂದೂ ಗುರುತು ಹಾಕುವುದನ್ನು ನಾನು ನೋಡಿದ್ದೇನೆ. ಬ್ರಿಕ್ಸ್ ಮಾತ್ರ ನೋಡುವವರಿಗೆ ಇದು ಜನರ ಚಂಚಲ ನಾಲಗೆ. ಆದರೆ ನಾಲಗೆ ಸುಳ್ಳು ಹೇಳುತ್ತಿಲ್ಲ. ಟೊಮೆಟೊದ ಕೆಲವು ಸುವಾಸನಾ ಸಂಯುಕ್ತಗಳು ಮೂಗಿನ ದಾರಿಯಾಗಿ ಸಿಹಿಯ ಅನುಭವವನ್ನೇ ಹೆಚ್ಚಿಸುತ್ತವೆ, ಸಕ್ಕರೆ ಅಷ್ಟೇ ಇದ್ದರೂ. ಫ್ಲಾರಿಡಾದ ಅದೇ ತಂಡ ಮಾಡಿದ ಕೆಲಸ ನನಗೆ ಮಾದರಿಯಾಗಿ ಕಾಣುವುದು ಇದೇ ಕಾರಣಕ್ಕೆ. 2017ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅವರು ಆಧುನಿಕ, ಹಳೆಯ ಮತ್ತು ಕಾಡು ಟೊಮೆಟೊಗಳ 398 ಮಾದರಿಗಳಲ್ಲಿ ಸುವಾಸನೆಯ ರಸಾಯನಗಳನ್ನು ಅಳೆದರು. ಅವುಗಳಲ್ಲಿ ಕೆಲವನ್ನು ಜನರಿಗೆ ತಿನ್ನಿಸಿ, ಯಾವುದು ಇಷ್ಟವಾಯಿತು ಎಂದು ಕೇಳಿದರು. ಇಷ್ಟಕ್ಕೆ ಕಾರಣವಾದ ರಸಾಯನಗಳನ್ನು ಗುರುತಿಸಿ, ಅವುಗಳ ಹಿಂದಿರುವ ಜೀನ್ ಜಾಗಗಳನ್ನು ಆಮೇಲೆ ಹುಡುಕಿದರು. ಅಂದರೆ ತಿನ್ನುವವರ ಮಾತು ತಳಿ ಕೆಲಸದ ತುದಿಯಲ್ಲಿ ಬರಲಿಲ್ಲ, ಬುಡದಲ್ಲೇ ಬಂತು. ಕ್ರಮ ತಿರುಗಿಸಿದ್ದರಿಂದಲೇ ಪ್ರಶ್ನೆ ಬದಲಾಯಿತು.

ಕ್ರಮ ತಿರುಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 1994ರ ಫ್ಲೇವರ್ ಸೇವರ್ ಟೊಮೆಟೊ ಇದೆ. ಕ್ಯಾಲ್ಜೀನ್ ಎಂಬ ಕಂಪನಿ ಹಣ್ಣನ್ನು ಮೆತ್ತಗಾಗಿಸುವ ಒಂದು ಕಿಣ್ವವನ್ನು ಜೀನ್ ತಂತ್ರದಿಂದ ತಡೆದು, ಗಿಡದಲ್ಲೇ ಮಾಗಿದ ಹಣ್ಣನ್ನು ದೂರಕ್ಕೆ ಸಾಗಿಸಬಹುದು ಎಂದುಕೊಂಡಿತು. ಕುಲಾಂತರಿ ಆಹಾರವೊಂದು ಇಡಿಯಾಗಿ ಮಾರುಕಟ್ಟೆಗೆ ಬಂದದ್ದು ಅದೇ ಮೊದಲು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಜನರೂ ಕೊಂಡರು. ಆದರೆ ಹಸಿ ಕಾಯಿಗೆಂದು ಕಟ್ಟಿದ ಪ್ಯಾಕಿಂಗ್ ಸಾಲು, ಲಾರಿ ಪಯಣವನ್ನು ಮಾಗಿದ ಹಣ್ಣು ತಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಜೀನ್ ಕೆಲಸ ಸರಿಯಾಗಿಯೇ ಇತ್ತು. ಆ ಹಣ್ಣು ಯಾವ ಯಂತ್ರದ ಮೇಲೆ ಉರುಳಬೇಕು ಎಂದು ಕೇಳುವವರು ಮೊದಲೇ ಇದ್ದಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು ಎಂದು ನನ್ನ ಅಭಿಪ್ರಾಯ.

ನಿಮ್ಮಲ್ಲಿ ಕೆಲವರು ಹೇಳಬಹುದು: ಈ ಮೂರು ಶಾಸ್ತ್ರಗಳ ಭಾಷೆಯೇ ಬೇರೆ, ವಿಧಾನವೇ ಬೇರೆ, ಸೇರಿಸುವುದು ಸುಲಭವಲ್ಲ. ಭಾಷೆ ಬೇರೆ, ಒಪ್ಪಿದೆ. ಆದರೆ ವಿಧಾನದ ವಿಷಯದಲ್ಲಿ ಮೂರೂ ಒಂದೇ ಮನೆಯ ಮಕ್ಕಳು. ಸಣ್ಣ ಮಾದರಿಯಿಂದ ನಂಬಬಹುದಾದ ತೀರ್ಮಾನಕ್ಕೆ ಬರುವುದು ಹೇಗೆ ಎಂದು 1908ರಲ್ಲಿ 'ಸ್ಟೂಡೆಂಟ್' ಎಂಬ ಅಂಕಿತದಲ್ಲಿ ಬರೆದ ವಿಲಿಯಂ ಗಾಸೆಟ್ ಗಿನ್ನೆಸ್ ಬಿಯರ್ ಕಂಪನಿಯ ನೌಕರ. ಬಾರ್ಲಿಯ ಗುಣವೂ ಮದ್ಯದ ಗುಣವೂ ಅವರ ಕಣ್ಣಮುಂದಿನ ಒಂದೇ ಸಮಸ್ಯೆ. 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಹೊಲದ ಮಣ್ಣು ಒಂದು ಮೂಲೆಯಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಆಗುವ ಗೊಂದಲವನ್ನು ನಿಭಾಯಿಸಲು ತಾಕುಗಳನ್ನು ಚೀಟಿ ಎತ್ತಿದಂತೆ ಹಂಚುವ ವಿಧಾನವನ್ನು ರೂಪಿಸಿದರು. ಒಂದೇ ಪ್ರಯೋಗದಲ್ಲಿ ಹಲವು ಅಂಶಗಳನ್ನು ಒಟ್ಟಿಗೆ ಬದಲಾಯಿಸಿ ನೋಡುವ ವಿನ್ಯಾಸವನ್ನು ಬೆಳೆಸಿದರು. 1951ರಲ್ಲಿ ಜಾರ್ಜ್ ಬಾಕ್ಸ್ ಮತ್ತು ಕೆ. ಬಿ. ವಿಲ್ಸನ್ ಅದನ್ನೇ ರಾಸಾಯನಿಕ ಕಾರ್ಖಾನೆಗೆ ಒಗ್ಗಿಸಿದರು. ಇಂದು ಎಂಜಿನಿಯರ್‌ಗಳು ಉಷ್ಣತೆ, ಒತ್ತಡ, ಕಾಲ ಮೂರನ್ನೂ ಒಟ್ಟಿಗೆ ಹೊಂದಿಸುವುದು ಆ ದಾರಿಯಲ್ಲೇ. 1970ರ ದಶಕದಲ್ಲಿ ಪಾಲ್ ಗ್ರೀನ್ ಮತ್ತು ಜೊತೆಗಾರರು ಮಾರುಕಟ್ಟೆ ಅಧ್ಯಯನಕ್ಕೆ ತಂದ ಕನ್‌ಜಾಯಿಂಟ್ ವಿಶ್ಲೇಷಣೆಯಲ್ಲೂ ಇರುವುದು ಅದೇ ವಿನ್ಯಾಸ: ಬೆಲೆ, ಬಣ್ಣ, ಗಾತ್ರ, ಗುರುತುಚೀಟಿಗಳನ್ನು ಬೇರೆ ಬೇರೆಯಾಗಿ ಜೋಡಿಸಿ ತೋರಿಸಿ, ಕೊಳ್ಳುವವರು ಯಾವುದಕ್ಕೆ ಎಷ್ಟು ತೂಕ ಕೊಡುತ್ತಾರೆ ಎಂದು ಲೆಕ್ಕ ಹಾಕುವುದು. ಗೋಧಿಯ ತಾಕಿನಲ್ಲಿ ಹುಟ್ಟಿದ ಯೋಚನೆ ಅಂಗಡಿಯ ಕಪಾಟಿನವರೆಗೆ ನಡೆದುಬಂದಿದೆ. ಗೋಡೆಗಳನ್ನು ನಾವು ಆಮೇಲೆ ಕಟ್ಟಿಕೊಂಡೆವು, ಇಲಾಖೆಗಳ ಹೆಸರಿನಲ್ಲಿ, ಜರ್ನಲ್‌ಗಳ ಹೆಸರಿನಲ್ಲಿ, ನಿಮ್ಮ ಅರ್ಜಿ ನಮೂನೆಯ ಮೊದಲ ಪುಟದಲ್ಲಿರುವ 'ವಿಷಯ ವಿಭಾಗ' ಎಂಬ ಚೌಕದ ಹೆಸರಿನಲ್ಲಿ.

ಆ ಚೌಕದಲ್ಲಿ ಒಂದನ್ನೇ ಗುರುತು ಹಾಕಬೇಕು. ಎರಡು ಹಾಕಿದರೆ ಅರ್ಜಿ ಮುಂದೆ ಹೋಗುವುದಿಲ್ಲ. ಇದರ ಪರಿಣಾಮವನ್ನು ನನ್ನ ಜೊತೆ ಕೆಲಸ ಮಾಡಿದ ವಿದ್ಯಾರ್ಥಿನಿಯೊಬ್ಬಳ ಅನುಭವದಿಂದ ಹೇಳುತ್ತೇನೆ. ಅವಳ ವಿಷಯ, ಕೊಯ್ದ ಹಣ್ಣನ್ನು ತೆಳು ಪ್ಲಾಸ್ಟಿಕ್ ಹಾಳೆಯೊಳಗೆ ಕಟ್ಟಿಡುವುದು. ಹಣ್ಣು ಉಸಿರಾಡುತ್ತದೆ, ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಎಷ್ಟು ಎಂಬುದು ತಳಿಯ ಮೇಲೆ, ಉಷ್ಣತೆಯ ಮೇಲೆ ನಿಂತಿದೆ. ಹಾಳೆ ಆ ಅನಿಲಗಳನ್ನು ಎಷ್ಟು ಒಳಬಿಡುತ್ತದೆ, ಹೊರಬಿಡುತ್ತದೆ ಎಂಬುದು ಎಂಜಿನಿಯರಿಂಗ್ ಲೆಕ್ಕ. ಎರಡನ್ನೂ ಹೊಂದಿಸಿದರೆ ಹಣ್ಣು ಹೆಚ್ಚು ದಿನ ಬಾಳುತ್ತದೆ. ಅವಳು ಅಷ್ಟಕ್ಕೇ ನಿಲ್ಲದೆ, ಕಟ್ಟಿದ ಹಣ್ಣನ್ನು ಕೊಳ್ಳುವವರ ಮುಂದಿಟ್ಟು ನೋಡಿದಳು. ಹಣ್ಣು ಎಷ್ಟೇ ತಾಜಾ ಇರಲಿ, ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿ ಕಟ್ಟಿದ್ದರೆ ಜನ ಆ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ನೋಡಿ ವಾಪಸ್ ಇಟ್ಟುಬಿಡುತ್ತಿದ್ದರು. ಅವರ ಕಣ್ಣಿಗೆ ಅದು ಹಳಸಿದ್ದರ ಗುರುತು. ಹನಿ ಕಟ್ಟದಂತೆ ತೂತು ಹೆಚ್ಚಿಸಿದರೆ ಹಣ್ಣಿನ ತೂಕ ಇಳಿಯುತ್ತದೆ, ಅನಿಲದ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಅವಳು ತೂತಿನ ಗಾತ್ರ, ಸಂಖ್ಯೆ, ಹಾಳೆಯ ಬಗೆ ಮೂರನ್ನೂ ಮೊದಲಿನಿಂದ ಲೆಕ್ಕ ಹಾಕತೊಡಗಿದಳು. ನನ್ನ ಪ್ರಕಾರ ಸಂಶೋಧನೆ ಎಂದರೆ ಇದೇ.

ಮುಂದಿನ ಹಂತಕ್ಕೆ ಅನುದಾನ ಕೇಳಿದಾಗ ಮೂವರು ಪರಿಶೀಲಕರ ಅಭಿಪ್ರಾಯ ಬಂತು. ಎಂಜಿನಿಯರಿಂಗ್ ಕಡೆಯವರು, ಗಣಿತದ ಮಾದರಿಯಲ್ಲಿ ಹೊಸತೇನಿಲ್ಲ ಎಂದರು. ಬೆಳೆ ವಿಜ್ಞಾನದವರು, ಇದು ಪ್ಯಾಕೇಜಿಂಗ್, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಮಾರುಕಟ್ಟೆ ಅಧ್ಯಯನದವರು, ಗ್ರಾಹಕ ವರ್ತನೆಯ ಸಿದ್ಧಾಂತಕ್ಕೆ ಕೊಡುಗೆ ಕಾಣುತ್ತಿಲ್ಲ ಎಂದರು. ಮೂವರ ಮಾತೂ ಅವರವರ ಅಳತೆಗೋಲಿನಲ್ಲಿ ನಿಜ. ಮೂರೂ ನಿಜವಾದ್ದರಿಂದ ಅರ್ಜಿ ಬಿತ್ತು. ಮೂರು ಒಟ್ಟಿಗೆ ಸೇರಿದಾಗ ಏನು ಹೊಸತಾಯಿತು ಎಂದು ನೋಡುವ ಹೊಣೆ ಆ ಸಮಿತಿಯಲ್ಲಿ ಯಾರಿಗೂ ಇರಲಿಲ್ಲ.

ಇದು ಒಬ್ಬಳ ದುರದೃಷ್ಟವಲ್ಲ. ಲಿಂಡೆಲ್ ಬ್ರಾಮಮ್ ಮತ್ತು ಜೊತೆಗಾರರು ಆಸ್ಟ್ರೇಲಿಯಾದ ರಾಷ್ಟ್ರೀಯ ಸಂಶೋಧನಾ ಮಂಡಳಿಗೆ ಐದು ವರ್ಷಗಳಲ್ಲಿ ಬಂದ 18,000ಕ್ಕೂ ಹೆಚ್ಚು ಅರ್ಜಿಗಳನ್ನು ಜಾಲಾಡಿ, 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಒಂದಕ್ಕೊಂದು ದೂರವಿರುವ ವಿಷಯಗಳನ್ನು ಸೇರಿಸಿದಷ್ಟೂ ಅರ್ಜಿಗೆ ಹಣ ಸಿಗುವ ಸಾಧ್ಯತೆ ಕಡಿಮೆಯಾಗುತ್ತಿತ್ತು. ಭಾಷಣಗಳಲ್ಲಿ ಅಂತರಶಿಸ್ತೀಯ ಸಂಶೋಧನೆಗೆ ಸಿಗುವ ಮನ್ನಣೆ ಹಣ ಹಂಚುವ ಕೋಣೆಯೊಳಗೆ ಸಿಗುತ್ತಿಲ್ಲ.

ಕಾಲದ ಲೆಕ್ಕವೂ ಹೊಂದುವುದಿಲ್ಲ. ಒಂದು ಹೊಸ ತಳಿ ಹೊರಬರಲು ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಯಂತ್ರದ ಒಂದು ಮಾದರಿ ಒಂದೆರಡು ವರ್ಷದಲ್ಲಿ ಸಿದ್ಧವಾಗುತ್ತದೆ. ಗ್ರಾಹಕ ಸಮೀಕ್ಷೆ ಕೆಲವು ತಿಂಗಳ ಕೆಲಸ. ಮೂರಕ್ಕೂ ಒಂದೇ ಮೂರು ವರ್ಷದ ಅನುದಾನ ಕೊಟ್ಟರೆ ತಳಿಯವರು ಅರ್ಧದಲ್ಲಿರುತ್ತಾರೆ, ಉಳಿದವರು ವರದಿ ಒಪ್ಪಿಸಿ ಬೇರೆ ಕೆಲಸ ಹಿಡಿದಿರುತ್ತಾರೆ. ರೋಥಾಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಗೋಧಿ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅಷ್ಟು ತಾಳ್ಮೆಯನ್ನು ನಾನು ಕೇಳುತ್ತಿಲ್ಲ. ಒಂದು ತಳಿ ಹುಟ್ಟಿ ಬೆಳೆಯುವಷ್ಟು ಕಾಲ ತಂಡ ಒಡೆಯದಿರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಸೇರಿ ದುಡಿದರೆ ಆಗುತ್ತದೆ ಎಂಬುದಕ್ಕೆ ಕಿತ್ತಳೆ ತಿರುಳಿನ ಸಿಹಿಗೆಣಸು ಇದೆ. ವಿಟಮಿನ್ ಎ ಕೊರತೆಯಿಂದ ಮಕ್ಕಳು ಕಣ್ಣು ಕಳೆದುಕೊಳ್ಳುತ್ತಿದ್ದ ಆಫ್ರಿಕಾದ ದೇಶಗಳಲ್ಲಿ ಜನ ತಿನ್ನುತ್ತಿದ್ದದ್ದು ಬಿಳಿ ಗೆಣಸು. ಬೀಟಾ ಕ್ಯಾರೊಟಿನ್ ತುಂಬಿದ ಕಿತ್ತಳೆ ಗೆಣಸು ಹೊರಗಿನಿಂದ ಬಂದಾಗ ದೊಡ್ಡವರಿಗೆ ಅದು ಹಿಡಿಸಲಿಲ್ಲ. ಬಣ್ಣಕ್ಕಿಂತ ದೊಡ್ಡ ತಕರಾರು ಹದದ್ದು. ಬೇಯಿಸಿದಾಗ ಅದು ನೀರುನೀರಾಗಿರುತ್ತಿತ್ತು, ಅವರಿಗೆ ಬೇಕಾದದ್ದು ಹಿಟ್ಟುಹಿಟ್ಟಾದ ಗೆಣಸು. ಜನಕ್ಕೆ ತಿಳಿವಳಿಕೆ ಸಾಲದು, ಪ್ರಚಾರ ಹೆಚ್ಚಿಸೋಣ ಎಂದು ಅಲ್ಲಿಗೇ ಬಿಡಬಹುದಿತ್ತು. ಹಾಗೆ ಮಾಡದೆ ತಳಿಗಾರರು ಒಣ ಅಂಶ ಹೆಚ್ಚಿರುವ ಕಿತ್ತಳೆ ತಳಿಗಳನ್ನು ರೂಪಿಸಿದರು. ಮೊಜಾಂಬಿಕ್‌ನಲ್ಲಿ ಮರಿಯಾ ಆಂದ್ರಾದೆ ಬರ ತಾಳುವ ತಳಿಗಳನ್ನು ತಂದರು, ಉಗಾಂಡಾದಲ್ಲಿ ರಾಬರ್ಟ್ ಮ್ವಾಂಗಾ ರೋಗ ತಾಳುವ ತಳಿಗಳನ್ನು ತಂದರು. ಜಾನ್ ಲೋ ಮಕ್ಕಳ ಪೋಷಣೆಯ ಮೇಲೆ ಅದರ ಪರಿಣಾಮವನ್ನು ಅಳೆದರು, ತಾಯಂದಿರಿಗೆ ಅದನ್ನು ತಲುಪಿಸುವ ದಾರಿ ಕಂಡುಕೊಂಡರು. ಈ ಮೂವರಿಗೂ, ಬೆಳೆಗಳಲ್ಲೇ ಪೋಷಕಾಂಶ ಹೆಚ್ಚಿಸುವ ಹಾರ್ವೆಸ್ಟ್‌ಪ್ಲಸ್ ಯೋಜನೆಯ ಹೋವರ್ತ್ ಬೋಯಿಸ್ ಅವರಿಗೂ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ಎಂಜಿನಿಯರಿಂಗ್ ಕಡೆಯಿಂದಲೂ ಇಲ್ಲೊಂದು ಒಳ್ಳೆಯ ಪಾಠ ಸಿಕ್ಕಿತು. ಗೆಣಸನ್ನು ಹೋಳು ಮಾಡಿ ಒಣಗಿಸುವಾಗ ಕ್ಯಾರೊಟಿನ್ ಹಾಳಾಗುತ್ತದೆಂದು ಒಳ್ಳೆಯ ಒಣಗಿಸುವ ಯಂತ್ರದ ಕಡೆಗೇ ಗಮನವಿತ್ತು. ಅಳೆದು ನೋಡಿದರೆ ಹೆಚ್ಚಿನ ನಷ್ಟ ಆಗುತ್ತಿದ್ದದ್ದು ಒಣಗಿಸುವಾಗ ಅಲ್ಲ, ಒಣಗಿದ ಹೋಳನ್ನು ತಿಂಗಳುಗಟ್ಟಲೆ ಕೂಡಿಡುವಾಗ. ಪೋಷಣೆಯ ಲೆಕ್ಕ ಹಾಕುವವರು ಪಕ್ಕದಲ್ಲಿ ಇಲ್ಲದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಗ್ರಾಹಕ ಅಧ್ಯಯನದ ನನ್ನ ಸ್ನೇಹಿತರಿಗೂ ಒಂದು ಮಾತು ಹೇಳಲೇಬೇಕು. ಮೇಜಿನ ಸುತ್ತ ಜಾಗ ಸಿಕ್ಕಿದ ಮೇಲೆ ನಿಮ್ಮ ಕೆಲಸ ಗ್ರಾಹಕರನ್ನು ಮಾತನಾಡಿಸುವುದು, ಒಪ್ಪಿಸುವುದಲ್ಲ. ಸಿದ್ಧವಾದ ವಸ್ತುವನ್ನು ಹೇಗಾದರೂ ಮಾರುವ ಜಾಣ್ಮೆಯನ್ನು ಕಂಪನಿಗಳು ತಮ್ಮ ಹಣದಲ್ಲಿ ಮಾಡಿಕೊಳ್ಳಲಿ, ಸಾರ್ವಜನಿಕರ ಹಣ ಅದಕ್ಕಲ್ಲ. ಇನ್ನೊಂದು, 'ಇದಕ್ಕೆ ಎಷ್ಟು ಕೊಡುತ್ತೀರಿ' ಎಂದು ಬರೀ ಬಾಯಿಮಾತಿನಲ್ಲಿ ಕೇಳಿದರೆ ಜನ ನಿಜವಾಗಿ ಕೊಡುವುದಕ್ಕಿಂತ ಹೆಚ್ಚೇ ಹೇಳುತ್ತಾರೆ. ಇದು ನಿಮ್ಮ ಶಾಸ್ತ್ರದಲ್ಲೇ ಚೆನ್ನಾಗಿ ಸಾಬೀತಾದ ಸಂಗತಿ. ಅದಕ್ಕೆ ಮದ್ದೂ 1964ರಿಂದಲೇ ಇದೆ. ಬೆಕರ್, ಡಿಗ್ರೂಟ್, ಮಾರ್ಷಾಕ್ ರೂಪಿಸಿದ ವಿಧಾನದಲ್ಲಿ ಬೆಲೆ ಹೇಳಿದವರು ಆಮೇಲೆ ಲಾಟರಿಯಲ್ಲಿ ಬಂದ ಬೆಲೆ ತಾವು ಹೇಳಿದ್ದಕ್ಕಿಂತ ಕಡಿಮೆಯಿದ್ದರೆ ನಿಜವಾಗಿಯೂ ಹಣ ಕೊಟ್ಟು ಕೊಳ್ಳಬೇಕು. ಆಗ ಮಾತು ತೂಕದ್ದಾಗುತ್ತದೆ. ಹತ್ತು ವರ್ಷದ ತಳಿ ಕೆಲಸದ ದಿಕ್ಕನ್ನು ನಿಮ್ಮ ಉತ್ತರ ನಿರ್ಧರಿಸುವುದಾದರೆ, ಆನ್‌ಲೈನ್ ಪ್ರಶ್ನಾವಳಿಯಲ್ಲಿ ಎರಡು ನಿಮಿಷದಲ್ಲಿ ಒತ್ತಿದ ಗುಂಡಿಗಳ ಮೇಲೆ ಅದು ನಿಲ್ಲಬಾರದು.

ಈಗ ನನ್ನ ಕೋರಿಕೆಗಳು. ಅರ್ಜಿಯ ಮೊದಲ ಪುಟದ ಆ ಚೌಕವನ್ನು ತೆಗೆಯಿರಿ, ಅಥವಾ ಒಂದಕ್ಕಿಂತ ಹೆಚ್ಚು ವಿಭಾಗ ಬರೆಯಲು ಬಿಡಿ. ಅಂಥ ಅರ್ಜಿಗಳನ್ನು ಓದಲು ಬೇರೆ ಬೇರೆ ಪರಿಶೀಲಕರ ಮೂರು ಅಂಕಗಳನ್ನು ಕೂಡಿ ಸರಾಸರಿ ತೆಗೆಯುವ ಪದ್ಧತಿ ಬೇಡ. ಮೂವರೂ ಒಟ್ಟಿಗೆ ಕೂತು ಚರ್ಚಿಸಿ, ಒಂದೇ ಅಭಿಪ್ರಾಯ ಬರೆಯಲಿ. ಪೂರ್ಣ ಅನುದಾನಕ್ಕೆ ಮುಂಚೆ, ಪ್ರಶ್ನೆ ಕಟ್ಟುವುದಕ್ಕೆಂದೇ ಒಂದು ಸಣ್ಣ ಮೊತ್ತ ಕೊಡಿ. ಆರೇಳು ತಿಂಗಳು ತಳಿಯವರು, ಎಂಜಿನಿಯರ್, ಗ್ರಾಹಕ ಅಧ್ಯಯನದವರು ಸುತ್ತಾಡಲಿ. ಬೆಳೆಯುವವರು, ಕೊಯ್ಯುವವರು, ತಿನ್ನುವವರ ಜೊತೆ ಕೂರಲಿ. ಅವರಿಗೆ ಆ ದಿನದ ಕೂಲಿಯನ್ನೂ ಆ ಮೊತ್ತದಿಂದಲೇ ಕೊಡಲಿ. ಡೇವಿಸ್‌ನ ಮೇಜಿನ ಸುತ್ತ ಇಲ್ಲದಿದ್ದವರ ವಿಷಯ ಹಿಂದೆ ಹೇಳಿದೆನಲ್ಲ, ಅವರಿಗೆ ಜಾಗ ಸಿಗುವುದು ಈ ಹಂತದಲ್ಲೇ. ಕೊನೆಗೆ ಈ ಪ್ರಶ್ನೆ ಅಷ್ಟು ಹಣ ಹಾಕುವಂಥದ್ದಲ್ಲ ಎಂದು ಆ ತಂಡವೇ ಹೇಳಿದರೆ ಅದನ್ನೂ ಸೋಲು ಎಂದು ಬರೆಯಬೇಡಿ. ಹತ್ತು ವರ್ಷದ ಹಣ ಉಳಿಸಿದ ಕೆಲಸ ಅದು.

ಕುಲಪತಿಗಳಲ್ಲಿ ಕೇಳುವುದು ಪಿಎಚ್.ಡಿ. ನಿಯಮದ ಬಗ್ಗೆ. ಎರಡು ವಿಭಾಗಗಳ ಇಬ್ಬರು ಮಾರ್ಗದರ್ಶಕರಿಗೆ ಸಮಾನ ಹೊಣೆ, ಸಮಾನ ಮನ್ನಣೆ ಇರಲಿ. ಎರಡನೆಯವರನ್ನು 'ಸಹ' ಎಂದು ನೆಪಮಾತ್ರಕ್ಕೆ ಸೇರಿಸುವುದರಿಂದ ವಿದ್ಯಾರ್ಥಿಗಳು ಅತಂತ್ರರಾಗುತ್ತಿದ್ದಾರೆ. ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ 'ನೀವು ನಮ್ಮ ವಿಷಯದವರಲ್ಲವಲ್ಲ' ಎಂಬ ಮಾತು ಕೇಳಿ ಹೊರಬಂದ ಪ್ರತಿಭಾವಂತರನ್ನು ನಾನು ಬಲ್ಲೆ. ಅವರಲ್ಲಿ ಹಲವರು ಸಂಶೋಧನೆಯನ್ನೇ ಬಿಟ್ಟುಹೋದರು. ಬಡ್ತಿಯ ವಿಷಯದಲ್ಲಿ, ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕ) ನೋಡಿ ವ್ಯಕ್ತಿಯ ಕೆಲಸವನ್ನು ಅಳೆಯಬಾರದು ಎಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿದೆ. ಸಾವಿರಾರು ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಸಹಿ ಹಾಕಿದವರಾದರೂ ಅದನ್ನು ಪಾಲಿಸಲಿ. ಮೂರು ಶಾಸ್ತ್ರಗಳಿಗೆ ಸೇರಿದ ಕೆಲಸ ಯಾವ ಶಾಸ್ತ್ರದ ಅಗ್ರ ಜರ್ನಲ್‌ನಲ್ಲೂ ಸುಲಭವಾಗಿ ಜಾಗ ಪಡೆಯುವುದಿಲ್ಲ. ಪ್ರಬಂಧಗಳ ಸಂಖ್ಯೆ ಎಣಿಸುವ ಕಡೆ ಒಂದೇ ದತ್ತಾಂಶವನ್ನು ಮೂರು ತುಂಡು ಮಾಡಿ ಮೂರು ಕಡೆ ಪ್ರಕಟಿಸುವವರೇ ಗೆಲ್ಲುತ್ತಾರೆ. ಇದನ್ನು ನಿಲ್ಲಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ.

ದತ್ತಾಂಶದ ಬಗ್ಗೆ ಚಿಕ್ಕ ಕೋರಿಕೆ. ಹೊಲದ ಅಳತೆ, ಯಂತ್ರದ ಅಳತೆ, ರುಚಿಯ ಅಂಕ ಮೂರಕ್ಕೂ ಒಂದೇ ಮಾದರಿ ಸಂಖ್ಯೆ ಇರಲಿ, ಒಂದೇ ಕಡತದಲ್ಲಿ ಇರಲಿ ಎಂದು ಅನುದಾನದ ಷರತ್ತಿನಲ್ಲೇ ಬರೆಯಿರಿ. ಇದಕ್ಕೆ ಖರ್ಚಿಲ್ಲ. ಈ ಒಂದು ಷರತ್ತಿನಿಂದಲೇ ಮೂರು ವಿಭಾಗದವರು ಯೋಜನೆಯ ಮೊದಲ ವಾರ ಒಬ್ಬರಿಗೊಬ್ಬರು ಫೋನ್ ಮಾಡಬೇಕಾಗುತ್ತದೆ.

ಇವೆಲ್ಲ ಒಂದೇ ವರ್ಷದಲ್ಲಿ ಆಗಲಿಕ್ಕಿಲ್ಲ ಎಂದು ಗೊತ್ತು. ಆದರೆ ಮುಂದಿನ ಸುತ್ತಿನ ಅರ್ಜಿ ಆಹ್ವಾನಿಸುವ ಮುನ್ನ ನಮೂನೆಯನ್ನು ಹೇಗೂ ಹೊಸದಾಗಿ ಅಚ್ಚು ಹಾಕಿಸುತ್ತೀರಿ. ಆ ಚೌಕವನ್ನು ಈ ಸಲವೇ ಬದಲಾಯಿಸಬಹುದು. ಪ್ರಶ್ನೆ ಕಟ್ಟುವ ಸಣ್ಣ ಅನುದಾನವನ್ನು ಈ ಸಲವೇ ನಾಲ್ಕಾರು ತಂಡಗಳಿಗೆ ಕೊಟ್ಟು ನೋಡಬಹುದು. ಅದರ ನಿಯಮಾವಳಿ ಬರೆಯಲು, ಪರಿಶೀಲನೆಗೆ ಕೂರಲು, ಯಾವ ಸಂಭಾವನೆಯೂ ಇಲ್ಲದೆ ನನ್ನ ಸಮಯ ಕೊಡಲು ಸಿದ್ಧನಿದ್ದೇನೆ. ನನ್ನಂತೆಯೇ ಆ ಓಣಿಯಲ್ಲಿ ನಿಂತಿರುವ ಇನ್ನೂ ಅನೇಕರು ಸಿದ್ಧರಿದ್ದಾರೆ. ನಿಮ್ಮ ಉತ್ತರವನ್ನು, ಅದು 'ಆಗದು' ಎಂದಾದರೂ ಕಾರಣದ ಸಮೇತ, ಸಾರ್ವಜನಿಕವಾಗಿಯೇ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕೊಯ್ಲೋತ್ತರ ವಿಜ್ಞಾನದ ಒಬ್ಬ ಸಂಶೋಧಕ